ಬೇಲಿ ಸರಿದಿದೆ, ನೀರು ನುಗ್ಗುತ್ತಿದೆ: ಪಕ್ಕದ ಮನೆಯವರ ಜೊತೆ ತಕರಾರು ಬಗೆಹರಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಇಳಿಜಾರಿನ ಕೆಳಭಾಗದಲ್ಲಿದೆ. ಮೇಲಿನ ನಿವೇಶನದವರು ಹೋದ ವರ್ಷ ತಮ್ಮ ಹಿತ್ತಲಿಗೆ ಸುಮಾರು ಎರಡು ಅಡಿ ಮಣ್ಣು ತುಂಬಿಸಿ, ಅದರ ಮೇಲೆ ಕಾಂಕ್ರೀಟ್ ಹಾಕಿಸಿದರು. ಹಳೆಯ ತಂತಿ ಬೇಲಿ ಕಿತ್ತು ಹೊಸ ಬೇಲಿ ನಿಲ್ಲಿಸಿದರು. ಅದು ನಮ್ಮ ಕಡೆಗೆ ಒಂದಡಿಯಷ್ಟು ಸರಿದಿದೆ ಅಂತ ನಮಗೆ ಅನಿಸುತ್ತಿದೆ. ಮೊಬೈಲ್ ಮ್ಯಾಪಿನಲ್ಲೂ ಹಾಗೇ ಕಾಣುತ್ತದೆ. ಈ ಮಳೆಗಾಲದಲ್ಲಿ ಅವರ ಛಾವಣಿಯ ನೀರು, ಹಿತ್ತಲಿನ ನೀರು ಎಲ್ಲಾ ಬೇಲಿಯ ಒಂದು ಮೂಲೆಯಿಂದ ನಮ್ಮ ಕಡೆ ನುಗ್ಗುತ್ತಿದೆ. ಅಡುಗೆಮನೆಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ತೇವ ಏರಿದೆ. ಕೇಳಿದರೆ ‘ನೀರು ತಗ್ಗಿಗೇ ತಾನೆ ಹರಿಯೋದು, ನಾವೇನು ಮಾಡೋಣ’ ಅನ್ನುತ್ತಾರೆ. ಬೇಲಿಗುಂಟ ಗೋಡೆ ಕಟ್ಟಿ ನೀರನ್ನು ಅವರ ಕಡೆಗೇ ತಿರುಗಿಸೋಣ ಅಂತ ಮಗ ಹಟ ಹಿಡಿದಿದ್ದಾನೆ. ನೆಂಟರೊಬ್ಬರು ‘12 ವರ್ಷ ಸುಮ್ಮನಿದ್ದರೆ ಜಾಗ ಅವರದೇ ಆಗುತ್ತೆ, ಈಗಲೇ ಬೇಲಿ ಕಿತ್ತುಹಾಕಿ’ ಅಂತ ಹೆದರಿಸಿದ್ದಾರೆ. ಎರಡೂ ಮನೆಯ ನಡುವೆ ಮಾತು ನಿಂತಿದೆ. ಕೋರ್ಟಿಗೆ ಹೋಗಲು ಮನಸ್ಸಿಲ್ಲ. ಏನು ಮಾಡಬೇಕು?

ಉತ್ತರ: ಗೋಡೆ ಹಾಳಾಗುತ್ತಿದೆ. ಜಾಗ ಕೈತಪ್ಪುತ್ತಿದೆಯೇನೋ ಅನ್ನುವ ಭಯ ಬೇರೆ. ಇದರ ಮೇಲೆ ದಿನಾ ಮುಖ ನೋಡಬೇಕಾದವರ ಜೊತೆ ಮಾತಿಲ್ಲ. ನಿಮಗೆ ನಿದ್ದೆ ಬರದಿದ್ದರೆ ಆಶ್ಚರ್ಯವಿಲ್ಲ. ಗಡಿ ಅಳತೆ, ನೀರಿನ ಹರಿವು ಇವೆರಡೂ ನನ್ನ ದಿನದ ಕೆಲಸ. ಇಂಥ ಮನೆಗಳಿಗೆ ಹೋಗುತ್ತಲೇ ಇರುತ್ತೇನೆ. ಬಹಳ ಕಡೆ ಜಗಳ ಬಿಗಡಾಯಿಸುವುದು ಒಂದೇ ಕಾರಣಕ್ಕೆ. ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟು ಕಟ್ಟಿಬಿಟ್ಟಿರುತ್ತಾರೆ.

ಗಡಿ ಎಲ್ಲಿದೆ ಅನ್ನುವುದು ಒಂದು ವಿಷಯ. ಬೇಲಿ ಯಾರದು, ಅದು ಎಲ್ಲಿ ನಿಂತಿದೆ ಅನ್ನುವುದು ಇನ್ನೊಂದು. ನೀರು ಯಾಕೆ ಬರುತ್ತಿದೆ, ಅದನ್ನು ಎಲ್ಲಿಗೆ ಕಳಿಸಬೇಕು ಅನ್ನುವುದು ಮೂರನೆಯದು. ಗಡಿ ತೀರ್ಮಾನಕ್ಕೆ ದಾಖಲೆ ಬೇಕು, ಅಳತೆ ಬೇಕು, ಇಬ್ಬರ ಒಪ್ಪಿಗೆಯೋ ಕೋರ್ಟಿನ ಆದೇಶವೋ ಬೇಕು. ತಿಂಗಳುಗಳು ಹಿಡಿಯಬಹುದು, ವರ್ಷಗಳೂ ಹಿಡಿಯಬಹುದು. ನೀರಿಗೆ ಅಷ್ಟು ಕಾಯುವ ವ್ಯವಧಾನ ಇಲ್ಲ. ಗಡಿ ಒಂದಡಿ ಆಚೆ ಇರಲಿ, ಈಚೆ ಇರಲಿ, ನಿಮ್ಮ ಅಡುಗೆಮನೆಗೆ ಬಡಿಯುವ ನೀರು ಅಷ್ಟೇ ಇರುತ್ತದೆ. ಹಾಗಾಗಿ ನೀರನ್ನು ಮೊದಲು ಬಗೆಹರಿಸಿ. ಗಡಿಯ ಮಾತು ಆಮೇಲೆ. ಎರಡನ್ನೂ ಒಂದೇ ಉಸಿರಿನಲ್ಲಿ ಎತ್ತಬೇಡಿ. ‘ನಮ್ಮ ಜಾಗ ಕಬಳಿಸಿದ್ದೀರಿ’ ಅಂತ ಶುರು ಮಾಡಿದರೆ, ಚರಂಡಿ ತೋಡಲು ಒಪ್ಪುತ್ತಿದ್ದವರೂ ವಕೀಲರನ್ನು ಹುಡುಕಲು ಹೊರಡುತ್ತಾರೆ.

‘ನೀರು ತಗ್ಗಿಗೇ ಹರಿಯೋದು’ ಅನ್ನುವುದು ಎಷ್ಟು ನಿಜ?

ಅರ್ಧ ನಿಜ. ಮೇಲಿನ ಜಮೀನಿನಲ್ಲಿ ಬಿದ್ದ ಮಳೆ ತನ್ನ ಪಾಡಿಗೆ ಕೆಳಗಿನ ಜಮೀನಿಗೆ ಹರಿದು ಬಂದರೆ ಕೆಳಗಿನವರು ತಾಳಿಕೊಳ್ಳಬೇಕು. ಇದು ಬಹಳ ಹಳೆಯ ನಿಯಮ. ರೋಮನ್ನರ ಕಾನೂನಿನಲ್ಲೇ ಮಳೆನೀರಿನ ತಕರಾರಿಗೆ ಪ್ರತ್ಯೇಕ ದಾವೆ ಇತ್ತು. 1804ರ ಫ್ರಾನ್ಸಿನ ಸಿವಿಲ್ ಸಂಹಿತೆಯ 640ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅಕ್ಕಪಕ್ಕದ ಜಮೀನುಗಳ ನಡುವಿನ ಅನುಭೋಗದ ಹಕ್ಕುಗಳ ಬಗ್ಗೆ ಇರುವ ಭಾರತದ 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮಿನ ಉದಾಹರಣೆಗಳಲ್ಲೂ ಇದೇ ಮಾತಿದೆ. ಕಾಲುವೆ ಇಲ್ಲದೆ ಸಹಜವಾಗಿ ಹರಿಯುವ ನೀರನ್ನು ಕೆಳಗಿನ ಜಮೀನಿನವರು ಹರಿಯಲು ಬಿಡಬೇಕು.

ಆದರೆ ಇಲ್ಲೆಲ್ಲ ಮುಖ್ಯವಾದ ಪದ ‘ಸಹಜವಾಗಿ’. ಮನುಷ್ಯರ ಕೈವಾಡದಿಂದ ನೀರು ಜಾಸ್ತಿಯಾದರೆ, ಅಥವಾ ಹರಡಿಕೊಂಡು ಬರುತ್ತಿದ್ದದ್ದು ಒಂದೇ ಕಡೆ ಒಟ್ಟಾಗಿ ಧುಮುಕಿದರೆ, ಆ ರಕ್ಷಣೆ ಇಲ್ಲ. ಫ್ರಾನ್ಸಿನ ಅದೇ ವಿಧಿ ಎರಡು ಕಡೆಯವರನ್ನೂ ಕಟ್ಟಿಹಾಕುತ್ತದೆ. ಕೆಳಗಿನವರು ಅಡ್ಡ ಕಟ್ಟೆ ಕಟ್ಟುವಂತಿಲ್ಲ, ಮೇಲಿನವರು ಕೆಳಗಿನವರ ಹೊರೆಯನ್ನು ಹೆಚ್ಚಿಸುವಂತಿಲ್ಲ. ದೇಶದಿಂದ ದೇಶಕ್ಕೆ ವಿವರ ಬದಲಾಗುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಯಾರ ಬಳಕೆ ಎಷ್ಟು ಸಮಂಜಸ ಅಂತ ತೂಗಿ ನೋಡುತ್ತಾರೆ. ನಿಮ್ಮ ಊರಿನ ನಿಯಮವನ್ನು ಅಲ್ಲಿನ ವಕೀಲರಿಂದಲೇ ಖಚಿತ ಮಾಡಿಕೊಳ್ಳಿ. ಅಂತೂ, ಮಣ್ಣು ತುಂಬಿಸಿ, ಕಾಂಕ್ರೀಟ್ ಹಾಕಿ, ಛಾವಣಿಯ ಪೈಪನ್ನು ಒಂದು ಮೂಲೆಗೆ ತಿರುಗಿಸಿದ ಮೇಲೆ ‘ಪ್ರಕೃತಿ, ನಾವೇನು ಮಾಡೋಣ’ ಅನ್ನುವ ಮಾತು ನಿಲ್ಲುವುದು ಕಷ್ಟ.

ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಬಹಳಷ್ಟು ಜನರಿಗೆ ಕಾಂಕ್ರೀಟ್ ಎಷ್ಟು ನೀರನ್ನು ಹೊರಗೆ ತಳ್ಳುತ್ತದೆ ಅನ್ನುವ ಅಂದಾಜೇ ಇರುವುದಿಲ್ಲ. ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಛಾವಣಿ, ಕಾಂಕ್ರೀಟ್ ಎರಡೂ ಸೇರಿ 150 ಚದರ ಮೀಟರ್ ಇದೆ ಅಂದುಕೊಳ್ಳಿ. 40 ಮಿಲಿಮೀಟರ್ ಮಳೆ ಬಿತ್ತು. ಅಂದರೆ 6,000 ಲೀಟರ್. ಇದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹರಿದೇ ಹೋಗುತ್ತದೆ. ಮೊದಲು ಅಲ್ಲಿ ಹುಲ್ಲು, ಸಡಿಲ ಮಣ್ಣು ಇದ್ದಾಗ ಸಾಧಾರಣ ಮಳೆಯ ಹೆಚ್ಚಿನ ಪಾಲು ನೆಲಕ್ಕೇ ಇಳಿಯುತ್ತಿತ್ತು. ಉಳಿದದ್ದೂ ಬೇಲಿಯ ಉದ್ದಕ್ಕೂ ಹರಡಿ ನಿಧಾನಕ್ಕೆ ಬರುತ್ತಿತ್ತು. ಈಗ ಅಷ್ಟೂ ನೀರು ಒಂದೇ ಮೂಲೆಯಿಂದ ಬೇಗ ಬರುತ್ತದೆ. ಹೆಚ್ಚು ಹಾನಿ ಮಾಡುವುದು ಈ ವೇಗ ಮತ್ತು ಒಟ್ಟಾಗುವಿಕೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮಾತುಕತೆಗೆ ಕೂತಾಗ ಕೂಗಾಟಕ್ಕಿಂತ ಇದು ಕೆಲಸಕ್ಕೆ ಬರುತ್ತದೆ.

ದೂರುವ ಮೊದಲು ನಿಮ್ಮ ಗೋಡೆಯನ್ನು ಪರೀಕ್ಷಿಸಿ

ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ಆದರೂ ಹೇಳಲೇಬೇಕು. ತೇವ ಬಂದಿರುವುದು ಅಡುಗೆಮನೆಯ ಗೋಡೆಗೆ. ಅಲ್ಲಿ ನಲ್ಲಿಯ ಪೈಪು, ಸಿಂಕಿನ ಪೈಪು ಎರಡೂ ಇರುತ್ತವೆ. ನಿಮ್ಮದೇ ಪೈಪು ಒಳಗೆ ಸೋರುತ್ತಿದ್ದರೆ? ಪಕ್ಕದವರ ಎಂಜಿನಿಯರ್ ಬಂದು ಮೊದಲು ಎತ್ತುವ ಪ್ರಶ್ನೆ ಇದೇ. ಆವತ್ತು ಉತ್ತರ ಇಲ್ಲದೆ ಹೋದರೆ ನಿಮ್ಮ ಉಳಿದ ಮಾತಿಗೂ ಬೆಲೆ ಇರುವುದಿಲ್ಲ.

ರಾತ್ರಿ ಎಲ್ಲಾ ನಲ್ಲಿ ಬಂದ್ ಮಾಡಿ, ನೀರಿನ ಮೀಟರ್ ನೋಡಿ ಬರೆದಿಡಿ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಮತ್ತೆ ನೋಡಿ. ಅಂಕಿ ಮುಂದೆ ಹೋಗಿದ್ದರೆ ಸೋರಿಕೆ ನಿಮ್ಮ ಮನೆಯೊಳಗೇ ಇದೆ. ಸಿಂಕಿನ ಪೈಪಿಗೆ ಮೀಟರ್ ಪರೀಕ್ಷೆ ಸಾಲದು. ಅದಕ್ಕೆ ಬಣ್ಣದ ನೀರು ಸುರಿದು, ಗೋಡೆಯಲ್ಲಿ ಬಣ್ಣ ಕಾಣುತ್ತದೆಯೇ ನೋಡಬೇಕು. ಇನ್ನೊಂದು, ಒಣ ದಿನಗಳಲ್ಲಿ ತೇವದ ಅಂಚು ಎಲ್ಲಿದೆ ಅಂತ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಜೋರು ಮಳೆಯಾದ ಎರಡು ಮೂರು ದಿನದಲ್ಲಿ ಆ ಗೆರೆ ದಾಟಿ ತೇವ ಮೇಲೇರಿದರೆ, ಮಳೆ ನಿಂತ ಮೇಲೆ ಇಳಿದರೆ, ಕಾರಣ ಹೊರಗಿನ ನೀರು. ಮಳೆ ಇದ್ದರೂ ಇಲ್ಲದಿದ್ದರೂ ಒಂದೇ ಥರ ಇದ್ದರೆ ಬೇರೆ ಕಾರಣ ಹುಡುಕಬೇಕು. ಸುಮ್ನೆ ಪಕ್ಕದವರ ಚರಂಡಿ ತಿದ್ದಿಸಿ, ಆಮೇಲೂ ಗೋಡೆ ಒದ್ದೆಯಾಗೇ ಉಳಿದರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಮಳೆ ಸುರಿಯುವಾಗಲೇ ವಿಡಿಯೊ ತೆಗೆಯಿರಿ. ಮಳೆ ನಿಂತ ಮೇಲಿನ ಫೋಟೋದಲ್ಲಿ ಬರೀ ಕೆಸರು ಕಾಣುತ್ತದೆ, ನೀರು ಎಲ್ಲಿಂದ ಬಂತು ಅಂತ ಕಾಣುವುದಿಲ್ಲ. ನೀರು ಹರಿಯುವ ಜಾಗದಲ್ಲಿ ಒಂದು ಅಳತೆ ಕೋಲು ನಿಲ್ಲಿಸಿ, ಆಳ ಕಾಣುವಂತೆ ತೆಗೆಯಿರಿ. ಎಲ್ಲವನ್ನೂ ನಿಮ್ಮ ಜಾಗದಲ್ಲೇ ನಿಂತು ಮಾಡಿ. ಅವರ ಕಿಟಕಿ, ಅವರ ಮನೆಯವರು ಚಿತ್ರದಲ್ಲಿ ಬರದಂತೆ ಎಚ್ಚರ ವಹಿಸಿ. ಮಣ್ಣು ತುಂಬಿಸುವ ಮುಂಚಿನ ಹಳೆಯ ಫೋಟೋ ಮನೆಯಲ್ಲಿ ಇದ್ದೇ ಇರುತ್ತದೆ. ಮಕ್ಕಳ ಹುಟ್ಟುಹಬ್ಬದ್ದೋ, ಹಿತ್ತಲಿನ ಗಿಡದ್ದೋ. ಹಿನ್ನೆಲೆಯಲ್ಲಿ ಹಳೆಯ ಬೇಲಿ, ಹಳೆಯ ನೆಲಮಟ್ಟ ಕಾಣುವ ಒಂದು ಫೋಟೋ ಸಿಕ್ಕರೆ ಅದು ಹತ್ತು ಸಾಕ್ಷಿಗೆ ಸಮ.

ಈ ಮಳೆಗಾಲಕ್ಕೆ ಏನು ಮಾಡಬಹುದು

ಮಾತುಕತೆ ಮುಗಿಯುವ ತನಕ ಗೋಡೆ ನೆನೆಯಲು ಬಿಡಬೇಕಿಲ್ಲ. ನಿಮ್ಮ ಜಾಗದಲ್ಲಿ, ನಾಳೆ ಬೇಕಾದರೆ ವಾಪಸ್ ಸರಿಪಡಿಸಬಹುದಾದ ಕೆಲಸ ಮಾಡಿ. ಗೋಡೆಯ ಬುಡದಲ್ಲಿ ಮಣ್ಣು ತಗ್ಗಾಗಿದ್ದರೆ ಗಟ್ಟಿ ಮಣ್ಣು ತುಂಬಿ, ಮೊದಲ ಮೂರು ಮೀಟರಿಗೆ 15 ಸೆಂಟಿಮೀಟರ್ ಇಳಿಯುವಂತೆ ಹೊರಗಿನ ಕಡೆ ಓಟ ಕೊಡಿ. ಮಣ್ಣಿನ ಮಟ್ಟ ಒಳಗಿನ ನೆಲಮಟ್ಟಕ್ಕಿಂತ ಕೆಳಗೇ ಇರಲಿ. ಮೇಲೆ ಬಂದರೆ ತೇವ ಇನ್ನೂ ಏರುತ್ತದೆ.

ಬೇಲಿಗೂ ಗೋಡೆಗೂ ಮಧ್ಯೆ ಒಂದು ಅಗಲವಾದ, ಆಳ ಕಡಿಮೆ ಇರುವ ಕಾಲುವೆ ತೋಡಿಸಿ. ಎರಡು ಮೂರು ಅಡಿ ಅಗಲ, ಅರ್ಧ ಅಡಿ ಆಳ, ಬದಿಗಳು ಬಟ್ಟಲಿನ ಹಾಗೆ ಇಳಿಜಾರು. ನೂರು ಅಡಿ ಉದ್ದಕ್ಕೆ ಒಂದಡಿ ಇಳಿಯುವಷ್ಟು ಓಟ ಸಾಕು. ಮಟ್ಟ ನೋಡಲು ದುಬಾರಿ ಯಂತ್ರ ಬೇಡ. ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಳಗೆ ಗಾಳಿಗುಳ್ಳೆ ಇರಬಾರದು, ಅಷ್ಟೇ.

ಆ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಗುದ್ದಲಿ ಹಾಕುವ ಮೊದಲೇ ನಿರ್ಧರಿಸಿ. ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಹೋದರೆ ಸರಿ. ನಿಮ್ಮ ಕೆಳಗಿನ ಮನೆಯವರ ಅಂಗಳಕ್ಕೆ ಹೋದರೆ, ಈಗ ನಿಮಗೆ ಆಗಿರುವುದನ್ನೇ ನೀವು ಅವರಿಗೆ ಮಾಡಿದ ಹಾಗಾಗುತ್ತದೆ. ಒಳಚರಂಡಿಯ ಛೇಂಬರಿಗೆ ಮಾತ್ರ ಬಿಡಲೇಬೇಡಿ. ಕೊಳಚೆಯ ಪೈಪು ಮಳೆನೀರನ್ನು ತಾಳುವುದಿಲ್ಲ, ಉಕ್ಕಿ ಮನೆಯೊಳಗೇ ವಾಪಸ್ ಬರುತ್ತದೆ. ಬಹಳ ಕಡೆ ಅದು ನಿಯಮಕ್ಕೂ ವಿರುದ್ಧ.

ಮಗನ ಗೋಡೆ

ಮಗನ ಸಿಟ್ಟು ಸಹಜ. ಆದರೆ ಈ ಗೋಡೆ ಬೇಡ. ಕಾನೂನಿನ ತೊಂದರೆ ಆಗಲೇ ಹೇಳಿದೆ. ಸಹಜವಾಗಿ ಬರುವ ನೀರಿಗೂ ಅಡ್ಡ ಕಟ್ಟಿದರೆ ಇವತ್ತು ನಿಮ್ಮ ಕಡೆ ಇರುವ ನ್ಯಾಯ ನಾಳೆ ಅವರ ಕಡೆ ಹೋಗುತ್ತದೆ.

ಅದಕ್ಕಿಂತ ಗಂಭೀರವಾದದ್ದು ನೀರಿನ ಒತ್ತಡ. ಗೋಡೆಯ ಹಿಂದೆ 60 ಸೆಂಟಿಮೀಟರ್ ನೀರು ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 180 ಕಿಲೋ ತೂಕದಷ್ಟು ತಳ್ಳು ಬೀಳುತ್ತದೆ. ಹತ್ತು ಮೀಟರ್ ಗೋಡೆಗೆ ಹತ್ತಿರಹತ್ತಿರ ಎರಡು ಟನ್. ನೀರಿನ ಎತ್ತರ ಎರಡು ಪಟ್ಟಾದರೆ ತಳ್ಳು ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಇದರ ಜೊತೆ ಅವರು ತುಂಬಿಸಿದ ಹಸಿ ಮಣ್ಣಿನ ಭಾರವೂ ಸೇರುತ್ತದೆ. ನಾಲ್ಕಿಂಚಿನ ಇಟ್ಟಿಗೆ ಗೋಡೆಗೆ ಇದನ್ನು ತಡೆಯುವ ಶಕ್ತಿ ಇಲ್ಲ. ಗೋಡೆ ಗಟ್ಟಿಯಾಗಿದ್ದರೂ ನೀರು ಅಡಿಪಾಯದ ಕೆಳಗಿನ ಮಣ್ಣನ್ನು ಕೊರೆದು ದಾರಿ ಮಾಡಿಕೊಳ್ಳುತ್ತದೆ, ಇಲ್ಲವೇ ಪಕ್ಕಕ್ಕೆ ಸರಿದು ಮೂರನೆಯ ಮನೆಗೆ ನುಗ್ಗುತ್ತದೆ. ಆ ಗೋಡೆ ಬಿದ್ದು ಯಾರಿಗಾದರೂ ಪೆಟ್ಟಾದರೆ ಹೊಣೆ ಕಟ್ಟಿಸಿದವರದು.

ಇಲ್ಲಿ ತಡೆಗೋಡೆಯ ಅಗತ್ಯ ಇರುವುದು ನಿಜ. ಆದರೆ ಅದು ಅವರ ಮಣ್ಣನ್ನು ಹಿಡಿಯಲು, ಅವರ ಜಾಗದಲ್ಲಿ, ಅವರು ಕಟ್ಟಿಸಬೇಕಾದದ್ದು. ಎರಡು ಅಡಿ ತುಂಬಿದ ಮಣ್ಣಿಗೆ ಬೇಲಿ ಆಸರೆಯಾಗಲಾರದು. ತಡೆಗೋಡೆಯ ಹಿಂದೆ ಜಲ್ಲಿ ಇರಬೇಕು, ಬುಡದಲ್ಲಿ ನೀರು ಹೊರಹೋಗುವ ತೂತುಗಳಿರಬೇಕು, ಆ ನೀರು ಸೇರಲು ಒಂದು ಕಾಲುವೆ ಇರಬೇಕು. ಇದು ಯಾವುದೂ ಇಲ್ಲದೆ ಬರೀ ಕಲ್ಲು ಪೇರಿಸಿದರೆ ಒಂದೆರಡು ಮಳೆಗಾಲದಲ್ಲಿ ಹೊಟ್ಟೆ ಬಂದು ವಾಲುತ್ತದೆ.

ಶಾಶ್ವತ ಪರಿಹಾರ ಎಲ್ಲಿದೆ

ನೀರು ಒಟ್ಟಾಗುವ ಜಾಗದಲ್ಲೇ ಅದನ್ನು ಹಿಡಿಯುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ. ಅಂದರೆ ಅವರ ಕಡೆ. ಛಾವಣಿಯ ಪೈಪನ್ನು ಹಿಂದಿನ ಮೂಲೆಯಿಂದ ಬಿಡಿಸಿ ರಸ್ತೆಯ ಕಡೆಗೆ ತಿರುಗಿಸಿದರೆ ಎಷ್ಟೋ ಮನೆಗಳಲ್ಲಿ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಕಾಂಕ್ರೀಟಿನ ಕೆಳ ಅಂಚಿಗೆ ಜಾಲರಿ ಮುಚ್ಚಿದ ಒಂದು ಸಣ್ಣ ಚರಂಡಿ ಮಾಡಿ ಹೊರಗೆ ಹಾಯಿಸಿದರೆ ಉಳಿದದ್ದೂ ಬಹುತೇಕ ಮುಗಿಯಿತು.

ಇಂಗುಗುಂಡಿ ಮಾಡೋಣ ಅಂತ ಯಾರಾದರೂ ಹೇಳಬಹುದು. ಒಳ್ಳೆಯ ಉಪಾಯ, ಆದರೆ ಎಲ್ಲಾ ಮಣ್ಣಿಗೂ ಆಗುವುದಿಲ್ಲ. ಗುಂಡಿ ಬರುವ ಆಳದಲ್ಲೇ ಒಂದಡಿಯ ಸಣ್ಣ ಕುಣಿ ತೆಗೆದು ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಎಷ್ಟು ಹೊತ್ತಿಗೆ ಇಳಿಯುತ್ತದೆ ನೋಡಿ. ಜೇಡಿಮಣ್ಣಾದರೆ ಮರುದಿನವೂ ನೀರು ಅಲ್ಲೇ ನಿಂತಿರುತ್ತದೆ. ಅಂಥ ಕಡೆ ಇಂಗುಗುಂಡಿ ಮಳೆ ಶುರುವಾದ ಸ್ವಲ್ಪ ಹೊತ್ತಿಗೇ ತುಂಬಿ ಹರಿಯುತ್ತದೆ. ಇಂಗುವ ಮಣ್ಣಾದರೂ ಯಾವ ಮನೆಯ ಅಡಿಪಾಯಕ್ಕೂ ಐದು ಮೀಟರಿಗಿಂತ ಹತ್ತಿರ ಇರಬಾರದು. ಇಳಿಜಾರಿನಲ್ಲಿ ಮೇಲಿನವರು ಬೇಲಿಯ ಪಕ್ಕದಲ್ಲೇ ಗುಂಡಿ ತೋಡಿದರೆ ಆ ನೀರು ನೆಲದೊಳಗಿಂದ ನಿಮ್ಮ ಗೋಡೆಗೇ ಬರುತ್ತದೆ.

ಜಲ್ಲಿ ತುಂಬಿ ರಂಧ್ರದ ಪೈಪು ಹೂಳುವ ಫ್ರೆಂಚ್ ಡ್ರೈನ್ ನಿಮ್ಮ ಕಡೆ ಮಾಡಿಸಬಹುದು. ನೆಲದೊಳಗೆ ಜಿನುಗುವ ನೀರಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮೂಲೆಯಿಂದ ರಭಸವಾಗಿ ನುಗ್ಗುವ ನೀರಿಗೆ ಸಾಲದು, ಅದಕ್ಕೆ ತೆರೆದ ಕಾಲುವೆಯೇ ಬೇಕು. ಜಲ್ಲಿಯ ಸುತ್ತ ಸೋಸುವ ಬಟ್ಟೆ ಸುತ್ತಿಸದಿದ್ದರೆ ಕೆಲವೇ ವರ್ಷದಲ್ಲಿ ಕೆಸರು ಕಟ್ಟುತ್ತದೆ. ಅಡಿಪಾಯದ ಪಕ್ಕದಲ್ಲಿ ಅಡಿಪಾಯಕ್ಕಿಂತ ಆಳಕ್ಕೆ ಮಾತ್ರ ತೋಡಿಸಬೇಡಿ.

ಮಾತು ಮತ್ತೆ ಶುರು ಮಾಡುವುದು

ಮಾತು ನಿಂತಿದೆ ಅಂದಿರಿ. ಹಾಗಾದರೆ ಒಂದು ಸಣ್ಣ ಪತ್ರ ಬರೆಯಿರಿ. ವಕೀಲರ ನೋಟಿಸ್ ಬೇಡ, ಅದು ಬಾಗಿಲು ಮುಚ್ಚುತ್ತದೆ. ನನ್ನ ಬಳಿ ಬಂದವರಿಗೆ ನಾನು ಬರೆಸುವುದು ಸುಮಾರು ಹೀಗೆ: ‘ಇಂಥ ತಾರೀಖಿನ ಮಳೆಯಲ್ಲಿ ನಿಮ್ಮ ಹಿತ್ತಲಿನ ಈಶಾನ್ಯ ಮೂಲೆಯಿಂದ ನೀರು ನಮ್ಮ ಕಡೆ ಬಂದಿದೆ. ಅಡುಗೆಮನೆಯ ಗೋಡೆಗೆ ತೇವ ಬಂದಿದೆ. ಫೋಟೋ ಜೊತೆಗಿದೆ. ನೀರಿನ ಜೊತೆ ನಿಮ್ಮ ಕಡೆಯ ಮಣ್ಣೂ ಕೊಚ್ಚಿ ಬರುತ್ತಿದೆ. ಇಬ್ಬರೂ ಒಟ್ಟಿಗೆ ನಿಂತು ಒಮ್ಮೆ ನೋಡೋಣ. ನಿಮಗೆ ಅನುಕೂಲವಾದ ದಿನ ತಿಳಿಸಿ.’ ಇಷ್ಟೇ. ಗಡಿಯ ಮಾತು ಇಲ್ಲ, ಆರೋಪ ಇಲ್ಲ. ಒಂದು ಪ್ರತಿ ನಿಮ್ಮ ಬಳಿ ಇರಲಿ. ನಾಳೆ ವಿಷಯ ಕೋರ್ಟಿಗೆ ಹೋದರೂ ನೀವು ಮೊದಲು ಸೌಜನ್ಯದಿಂದ ಕೇಳಿದ್ದಿರಿ ಅನ್ನುವುದಕ್ಕೆ ಅದೇ ದಾಖಲೆ.

ಆ ಮಣ್ಣಿನ ವಾಕ್ಯ ಮುಖ್ಯ. ನಿಮ್ಮ ಕಡೆ ಕೆಸರು ಬರುತ್ತಿದ್ದರೆ ಅವರ ಕಾಂಕ್ರೀಟಿನ ಕೆಳಗೆ ಟೊಳ್ಳಾಗುತ್ತಿದೆ ಅಂತಲೇ ಅರ್ಥ. ಇವತ್ತಲ್ಲ ನಾಳೆ ಅದು ಬಿರುಕು ಬಿಟ್ಟು ಕುಸಿಯುತ್ತದೆ. ನಿಮ್ಮ ಗೋಡೆಯ ತೇವ ಅವರಿಗೆ ನೋಯುವುದಿಲ್ಲ, ತಮ್ಮ ಕಾಂಕ್ರೀಟ್ ಕುಸಿದರೆ ನೋಯುತ್ತದೆ, ಅಲ್ವಾ? ಇಬ್ಬರಿಗೂ ಲಾಭ ಇರುವ ಜಾಗದಿಂದ ಮಾತು ಶುರುವಾದರೆ ಮುಂದೆ ಹೋಗುತ್ತದೆ. ಪೈಪ್ ತಿರುಗಿಸುವ ಖರ್ಚಿನಲ್ಲಿ ಸ್ವಲ್ಪ ಪಾಲು ಕೊಡುತ್ತೇವೆ ಅಂತ ನೀವು ಹೇಳಿದರೂ ನಷ್ಟವಿಲ್ಲ. ಕೋರ್ಟಿನ ಮೊದಲ ವರ್ಷದ ಖರ್ಚಿಗಿಂತ ಅದು ಕಡಿಮೆಯೇ ಆಗುತ್ತದೆ. ಪಾಲು ಕೊಡುವುದು ತಪ್ಪು ಒಪ್ಪಿಕೊಂಡಂತಲ್ಲ ಅಂತ ಒಂದು ಸಾಲು ಬರೆದಿಟ್ಟರೆ ಸಾಕು.

ಇನ್ನು ಬೇಲಿ ಮತ್ತು ಗಡಿ

ಮೊಬೈಲ್ ಮ್ಯಾಪನ್ನು ಮರೆತುಬಿಡಿ. ತೆರೆದ ಆಕಾಶದ ಕೆಳಗೂ ಮೊಬೈಲಿನ ಜಿಪಿಎಸ್ ಸುಮಾರು ಐದು ಮೀಟರಿನಷ್ಟು ಆಚೀಚೆ ತೋರಿಸಬಹುದು. ಮರ, ಗೋಡೆ ಪಕ್ಕದಲ್ಲಿದ್ದರೆ ಇನ್ನೂ ಜಾಸ್ತಿ. ಉಪಗ್ರಹದ ಚಿತ್ರದ ಮೇಲೆ ಕಾಣುವ ಗಡಿ ಗೆರೆಯೂ ಚಿತ್ರಕ್ಕೆ ಸರಿಯಾಗಿ ಕೂತಿರುವುದಿಲ್ಲ. ಒಂದಡಿಯ ತಕರಾರನ್ನು ಅದರಿಂದ ತೀರ್ಮಾನಿಸಲು ಆಗದು. ಸರ್ವೇಯರುಗಳು ಬಳಸುವ ಉಪಕರಣಗಳ ನಿಖರತೆ ಸೆಂಟಿಮೀಟರ್ ಲೆಕ್ಕದ್ದು, ಅದು ಬೇರೆ ವಿಷಯ.

ಬೇಲಿ ನಿಜವಾಗಿ ಸರಿದಿದೆಯೇ, ವಾಲಿದೆಯೇ ಅಂತಲೂ ನೋಡಿ. ಹಿಂದೆ ಮಣ್ಣು ತುಂಬಿಸಿದ ಬೇಲಿ ಸಾಮಾನ್ಯವಾಗಿ ಕೆಳಗಿನ ಕಡೆಗೆ ವಾಲುತ್ತದೆ. ಕಂಬದ ತುದಿಯಿಂದ ತೂಕದ ಗುಂಡು ಇಳಿಬಿಟ್ಟರೆ ತಿಳಿಯುತ್ತದೆ. ತುದಿ ಒಂದಡಿ ಒಳಗೆ ಬಂದು, ಬುಡ ಹಳೆಯ ಜಾಗದಲ್ಲೇ ಇದ್ದರೆ ಇದು ಒತ್ತುವರಿಯ ಪ್ರಶ್ನೆಯೇ ಅಲ್ಲ. ಮಣ್ಣಿನ ಒತ್ತಡದ ಪ್ರಶ್ನೆ. ಎರಡಕ್ಕೂ ಪರಿಹಾರ ಬೇರೆ. ಹಳೆಯ ಬೇಲಿ ಗಡಿಯ ಮೇಲೇ ಇತ್ತು ಅಂತಲೂ ಹೇಳಲಾಗದು. ದನಕರು ತಡೆಯಲೋ, ಗಿಡ ಉಳಿಸಲೋ ಸಿಕ್ಕ ಕಡೆ ಹಾಕಿದ ಬೇಲಿಗಳನ್ನು ಬಹಳ ನೋಡಿದ್ದೇನೆ.

ಬುಡವೇ ಸರಿದಿದೆ ಅನ್ನಿಸಿದರೆ ಜಂಟಿ ಸರ್ವೆ ಮಾಡಿಸಿ. ನೀವೊಬ್ಬರನ್ನು, ಅವರೊಬ್ಬರನ್ನು ಕರೆಸಿದರೆ ಎರಡು ಗೆರೆ ಸಿಗುತ್ತವೆ, ಜಗಳ ಬಗೆಹರಿಯದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಬ್ಬರೂ ಒಪ್ಪಿದ ಒಬ್ಬ ಪರವಾನಗಿ ಇರುವ ಸರ್ವೇಯರ್, ಅರ್ಧರ್ಧ ಖರ್ಚು, ಅಳೆಯುವಾಗ ಇಬ್ಬರೂ ಹಾಜರು. ಎರಡೂ ಮನೆಯ ಕ್ರಯಪತ್ರ ಕೊಡಿ. ಒಳ್ಳೆಯ ಸರ್ವೇಯರ್ ನಿಮ್ಮ ಒಂದು ಗೆರೆ ಮಾತ್ರ ಅಳೆಯುವುದಿಲ್ಲ. ಹಳೆಯ ಗಡಿಕಲ್ಲು ಹುಡುಕುತ್ತಾರೆ, ಸಾಲಿನ ಆಚೆ ತುದಿಯಿಂದ ಅಳತೆ ತರುತ್ತಾರೆ. ಪತ್ರದಲ್ಲಿ ಬರೆದ ಅಳತೆಗೂ ನೆಲದಲ್ಲಿ ಹೂತಿರುವ ಮೂಲ ಕಲ್ಲಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಕಲ್ಲಿಗೇ ಹೆಚ್ಚು ತೂಕ. ಅದಕ್ಕೇ ಯಾರ ಮಾತಿಗೂ ಗಡಿಕಲ್ಲನ್ನು ಅಲುಗಾಡಿಸಬೇಡಿ. ಬಹಳ ದೇಶಗಳಲ್ಲಿ ಅದು ಅಪರಾಧ. ಸರ್ವೇಯರ್ ಹೇಳುವುದು ತಜ್ಞರ ಅಭಿಪ್ರಾಯ, ತೀರ್ಪಲ್ಲ. ಅದಕ್ಕೆ ನೀವು ಬದ್ಧರಾಗಬೇಕಾಗುವುದು ಇಬ್ಬರೂ ಒಪ್ಪಿದಾಗ ಅಥವಾ ಕೋರ್ಟು ಒಪ್ಪಿದಾಗ. ಒಪ್ಪಿದರೆ ನಕ್ಷೆ ಸಮೇತ ಬರೆದು, ವಕೀಲರ ಸಲಹೆ ಪಡೆದು ನೋಂದಣಿ ಮಾಡಿಸಿ. ಬಾಯಿಮಾತಿನ ಒಪ್ಪಂದ ಯಾರಾದರೂ ಮನೆ ಮಾರಿದ ದಿನ ಮುರಿದುಬೀಳುತ್ತದೆ.

ನೆಂಟರು ಹೇಳಿದ 12 ವರ್ಷದ ಮಾತು ದಾವೆ ಹೂಡಲು ಕಾಲಮಿತಿ ಹೇಳುವ ಭಾರತದ 1963ರ ಲಿಮಿಟೇಶನ್ ಕಾಯ್ದೆಯಿಂದ ಬಂದದ್ದು. ಆದರೆ 12 ವರ್ಷ ಕಳೆದರೆ ಜಾಗ ತಾನಾಗಿ ಅವರದಾಗುವುದಿಲ್ಲ. ಬಹಿರಂಗವಾಗಿ, ಎಡೆಬಿಡದೆ, ಮಾಲೀಕರ ಹಕ್ಕಿಗೆ ವಿರುದ್ಧವಾಗಿ ಸ್ವಾಧೀನದಲ್ಲಿದ್ದೆವು ಅಂತ ಅವರೇ ಸಾಬೀತು ಮಾಡಬೇಕು. ನಿಮ್ಮ ಅನುಮತಿಯಿಂದ ಇದ್ದರೆ ಅದು ವಿರುದ್ಧ ಸ್ವಾಧೀನವೇ ಅಲ್ಲ. ಇಂಗ್ಲೆಂಡಿನಲ್ಲಂತೂ 2002ರ ಭೂ ನೋಂದಣಿ ಕಾಯ್ದೆಯ ನಂತರ ಇಂಥ ಅರ್ಜಿ ಬಂದರೆ ನೋಂದಾಯಿತ ಮಾಲೀಕರಿಗೆ ಮೊದಲು ತಿಳಿಸುತ್ತಾರೆ. ನಿಮ್ಮ ಬೇಲಿಗೆ ಆಗಿರುವುದು ಒಂದೇ ವರ್ಷ. ಹೆದರುವ ಅಗತ್ಯ ಇಲ್ಲ. ಹಾಗಂತ ಮರೆತು ಕೂರುವುದೂ ಬೇಡ. ನೀರಿನ ವಿಷಯ ಒಂದು ಹಂತಕ್ಕೆ ಬಂದ ಮೇಲೆ, ‘ಬೇಲಿಯ ಜಾಗವನ್ನು ನಾವು ಒಪ್ಪಿಲ್ಲ, ಸರ್ವೆ ಆಗುವ ತನಕ ನಮ್ಮ ಹಕ್ಕು ಕಾಯ್ದಿರಿಸಿದ್ದೇವೆ’ ಅಂತ ಒಂದು ಪತ್ರ ಕೊಟ್ಟಿಡಿ.

ಬೇಲಿ ಕೀಳುವುದು ಮಾತ್ರ ಬೇಡವೇ ಬೇಡ. ಜಾಗ ನಿಮ್ಮದೇ ಅಂತ ನಾಳೆ ಸಾಬೀತಾದರೂ, ಇವತ್ತು ಕಿತ್ತದ್ದಕ್ಕೆ ಆಸ್ತಿ ಹಾನಿಯ ದೂರು ನಿಮ್ಮ ಮೇಲೆ ಬರುತ್ತದೆ.

ಅವರು ಒಪ್ಪದೇ ಹೋದರೆ

ಮೊದಲು ಸ್ಥಳೀಯ ಆಡಳಿತಕ್ಕೆ ಬರೆಯಿರಿ. ಮಣ್ಣು ತುಂಬಿಸಿದ್ದು, ಕಾಂಕ್ರೀಟ್ ಹಾಕಿದ್ದು ಕಟ್ಟಡ ನಿಯಮಕ್ಕೆ ವಿರುದ್ಧವಾಗಿದ್ದರೆ ಅವರು ಪರಿಶೀಲಿಸಬಹುದು. ಗಡಿ ಯಾರದು ಅಂತ ಅವರು ತೀರ್ಮಾನಿಸುವುದಿಲ್ಲ. ಅದನ್ನು ಅವರಿಂದ ನಿರೀಕ್ಷಿಸಿ ಅಲೆಯಬೇಡಿ. ಪೊಲೀಸರ ಕೆಲಸ ಬೆದರಿಕೆ, ಹೊಡೆದಾಟ, ಆಸ್ತಿ ಒಡೆಯುವುದು ಇಂಥದ್ದಕ್ಕೆ ಮಾತ್ರ.

ಮಧ್ಯಸ್ಥಿಕೆಗೆ ನಾನು ಹೆಚ್ಚು ಒತ್ತು ಕೊಡುತ್ತೇನೆ. ಭಾರತದಲ್ಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಇರುತ್ತದೆ. ಅದರ ಮೇಲೆ ಅಪೀಲು ಇಲ್ಲ. ಇದೇ ಅದರ ಗುಣ, ಇದೇ ಅದರ ಅಪಾಯ. ಅರ್ಥವಾಗದೆ ಸಹಿ ಹಾಕಿದರೆ ಆಮೇಲೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ರಾಜಿ ಪತ್ರದಲ್ಲಿ ‘ಚರಂಡಿ ಸರಿಪಡಿಸುತ್ತೇವೆ’ ಅಂತ ಮೇಲೆಮೇಲೆ ಬರೆಸಬೇಡಿ. ಪೈಪು ಎಲ್ಲಿಂದ ಎಲ್ಲಿಗೆ, ಯಾವ ತಾರೀಖಿನೊಳಗೆ, ವರ್ಷಕ್ಕೊಮ್ಮೆ ಹೂಳು ತೆಗೆಯುವವರು ಯಾರು, ಖರ್ಚು ಯಾರದು, ಎಲ್ಲಾ ಇರಲಿ. ಒಂದು ನಕ್ಷೆ ಲಗತ್ತಿಸಿ.

ಕೋರ್ಟು ಕೊನೆಯ ದಾರಿ. ಆದರೆ ಗೋಡೆ ವಾಲುತ್ತಿದ್ದರೆ, ಅಡಿಪಾಯ ಕುಸಿಯುತ್ತಿದ್ದರೆ, ಅಥವಾ ಅವರು ಈಗ ಮತ್ತೆ ಹೊಸ ಕಟ್ಟಡ ಶುರು ಮಾಡಿದರೆ ಕಾಯಬೇಡಿ. ತಡೆಯಾಜ್ಞೆ ಕೇಳುವವರು ತಡ ಮಾಡಿದಷ್ಟೂ ಕೋರ್ಟು ಹಿಂಜರಿಯುತ್ತದೆ. ಕಟ್ಟುವುದನ್ನು ಸುಮ್ಮನೆ ನೋಡುತ್ತಾ ನಿಂತವರು ಕಟ್ಟಿದ ಮೇಲೆ ಕೆಡವಿಸಿ ಅಂದರೆ ಉತ್ತರ ಹೇಳುವುದು ಕಷ್ಟ. ಜಾಗ ನೋಡಿ ವರದಿ ಕೊಡಲು ಕೋರ್ಟು ಕಮಿಷನರನ್ನು ನೇಮಿಸಬಹುದು. ನೀವು ಮಳೆಯಲ್ಲಿ ತೆಗೆದ ವಿಡಿಯೊ, ಗೋಡೆಯ ಮೇಲಿನ ಪೆನ್ಸಿಲ್ ಗೆರೆಯ ಫೋಟೋಗಳು ಆಗ ನಿಮ್ಮ ಮಾತಿಗೆ ಆಧಾರ.

ಕೊನೆಗೆ ಗೋಡೆಯ ಬಗ್ಗೆ. ನೀರು ತಿರುಗಿದ ಮರುವಾರವೇ ಬಣ್ಣ ಹೊಡೆಸಬೇಡಿ. ನೆನೆದ ಗೋಡೆ ಒಂದಿಂಚು ದಪ್ಪಕ್ಕೆ ಹೆಚ್ಚುಕಡಿಮೆ ಒಂದು ತಿಂಗಳ ಲೆಕ್ಕದಲ್ಲಿ ಒಣಗುತ್ತದೆ. ಒಂಬತ್ತಿಂಚಿನ ಗೋಡೆಗೆ ಒಂಬತ್ತು ತಿಂಗಳು ಹಿಡಿದರೂ ಅಚ್ಚರಿಯಿಲ್ಲ. ಅದಕ್ಕೂ ಮೊದಲು ನೀರು ತಡೆಯುವ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು, ಉಪ್ಪು ಉಬ್ಬಿ, ಗಾರೆ ಸಮೇತ ಕಿತ್ತು ಬರುತ್ತದೆ. ಕಿಟಕಿ ತೆರೆದಿಡಿ, ಗೋಡೆಗೆ ಅಂಟಿಸಿದ ಕಪಾಟು ಸ್ವಲ್ಪ ಮುಂದಕ್ಕೆ ಎಳೆಯಿರಿ. ಪೆನ್ಸಿಲ್ ಗೆರೆ ದಾಟಿ ತೇವ ಏರದೆ ಒಂದು ಇಡೀ ಮಳೆಗಾಲ ಕಳೆದರೆ, ಆಮೇಲೆ ಗಾರೆ ಕೆಲಸದವರನ್ನು ಕರೆಸಿ.